ಬೇರೆ ಒಲೆ

ಮನಮಾಯಾ ಮಾವಿನಹಟ್ಟಿಗೆ ಬಂದು ಹತ್ತೊಂಬತ್ತು ದಿನವಾಗಿತ್ತು. ಅಷ್ಟು ದಿನದಲ್ಲಿ ಅತ್ತೆ ಗುಂಡಮ್ಮ ಅವಳೊಡನೆ ನೇರವಾಗಿ ಆಡಿದ ಮಾತು ನಾಲ್ಕೋ ಐದೋ. ಅದರಲ್ಲಿ ಮೊದಲನೆಯದು, "ಅಡ್ಗೆಮನೆ ಒಳೀಕ್ ಬರ್‌ಬ್ಯಾಡ."

ಗುಂಡಮ್ಮನ ಮಗ ಮಣಿಕಂಠ ಮಲೇಷ್ಯಾದಲ್ಲಿ ರಬ್ಬರ್ ಕೈಗವಸು ಮಾಡುವ ಫ್ಯಾಕ್ಟರಿಯೊಂದರಲ್ಲಿ ಆರು ವರ್ಷ ದುಡಿದವನು. ನೇಪಾಳದ ಬೆಟ್ಟದೂರಿನ ಮನಮಾಯಾ ಅದೇ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ರಜೆ ಹಾಕಿ ಇಬ್ಬರೂ ಅವಳ ಊರಿಗೆ ಹೋಗಿ ಮದುವೆಯಾದರು. ಅವನು ಕೆಲಸಕ್ಕೆ ಮರಳಿದ; ಅವಳು ಊರಲ್ಲೇ ಉಳಿದಳು, ಮಗು ಅಲ್ಲೇ ಹುಟ್ಟಿತು. ಕೆಲಸದ ಪರ್ಮಿಟ್ ಮುಗಿದ ಮೇಲೆ ಮಣಿಕಂಠ ನೇಪಾಳಕ್ಕೆ ಹೋಗಿ, ಹೆಂಡತಿ ಮಗುವನ್ನು ಕರೆದುಕೊಂಡು, ನಾಲ್ಕು ದಿನ ರೈಲಿನಲ್ಲಿ ಕೂತು ತಮಿಳು ಸೀಮೆಯ ಮೊರಪ್ಪೂರಿನಲ್ಲಿ ಇಳಿದ. ಮದುವೆಯ ವಿಷಯ ತಾಯಿಗೆ ಹೇಳಿದ್ದು ರೈಲಿನಿಂದ, ಫೋನಿನಲ್ಲಿ.

ಗುಂಡಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಗಂಡ ತಿಮ್ಮರಾಯಪ್ಪ ಸತ್ತ ಮೇಲೆ ಮೂವತ್ತು ಕುರಿಗಳನ್ನು ಒಬ್ಬಳೇ ಸಾಕಿಕೊಂಡು, ಎರಡು ಎಕರೆ ರಾಗಿ ಹೊಲ ಉಳಿಸಿಕೊಂಡು ಬಂದ ಹೆಂಗಸು ಅವಳು. ಅವಳ ಸಿಟ್ಟು ಮೌನದಲ್ಲಿರುತ್ತಿತ್ತು. ಬಂದ ಸೊಸೆ ಯಾವ ಕುಲವೋ, ಯಾವ ದೇವರೋ, ಮಾತು ಒಂದೂ ತಿಳಿಯದು. ಹೊತ್ತು ಹೊತ್ತಿಗೆ ಮುದ್ದೆ, ಸಾರು ಹೊರಗೆ ತಂದಿಟ್ಟು ಹೋಗುತ್ತಿದ್ದಳು. ಮೊಮ್ಮಗನನ್ನು ದೂರದಿಂದ ನೋಡುತ್ತಿದ್ದಳೇ ಹೊರತು ಎತ್ತಿಕೊಳ್ಳುತ್ತಿರಲಿಲ್ಲ.

ಮಣಿಕಂಠ ಹತ್ತು ದಿನ ಕಾದ. ಆಮೇಲೆ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಸಿಕ್ಕಿ ಛತ್ತೀಸ್‌ಗಡದ ಕಡೆ ಹೊರಟ. ಹೋಗುವ ಮುನ್ನ, ಮನೆಯ ಪಕ್ಕದಲ್ಲಿ ಕುರಿಗಳ ಮೇವು ತುಂಬುತ್ತಿದ್ದ ಕೋಣೆಯನ್ನು ಗುಡಿಸಿ ಸಾರಿಸಿ, ಹೆಂಡತಿಯ ಕೈಗೆ ಎರಡು ಸಾವಿರ ರೂಪಾಯಿ ಕೊಟ್ಟ. "ಸಂತೇಲಿ ಬೇಕಾದ್ದು ತಗೋ. ಬೇರೆ ಒಲೆ ಹೂಡಿಕೋ. ಎರಡು ತಿಂಗಳು ಹೇಗಾದ್ರೂ ಸುಧಾರಿಸು" ಎಂದು ತಮ್ಮಿಬ್ಬರ ಹಿಂದಿಯಲ್ಲಿ ಹೇಳಿದ. ತಾಯಿಗೆ, "ಅವ್ಳಿಗೆ ಸಂತೆ ತೋರ್ಸಮ್ಮ" ಎಂದ.

ಹಾಗಾಗಿ ಆ ದಿನ ಅತ್ತೆ ಸೊಸೆ ಇಬ್ಬರೂ ಒಂದೇ ಟಾಟಾ ಏಸ್ ಗಾಡಿಯ ಹಿಂಬದಿಯಲ್ಲಿ, ನಡುವೆ ಎರಡು ಟಗರುಗಳನ್ನು ಕಟ್ಟಿಕೊಂಡು, ಪೆನ್ನಾಗರದ ಸಂತೆಗೆ ಬಂದಿಳಿದರು. ಮಾವಿನಹಟ್ಟಿಯಲ್ಲಿ ಕನ್ನಡವಾದರೆ ಸಂತೆಯಲ್ಲಿ ತಮಿಳೇ ಹೆಚ್ಚು. ಗುಂಡಮ್ಮನಿಗೆ ಟಗರು ಮಾರುವುದಿತ್ತು. ಸಂತೆಯ ಬಾಯಲ್ಲಿ ನಿಂತು ಅವಳು ಕೈ ತೋರಿಸಿದಳು.

"ಅಗಾ, ಆ ಕಡೀಕೆ ಪಾತ್ರೆ. ಈ ಕಡೀಕೆ ಕಾಯಿಪಲ್ಲೆ. ಅನ್ನೆರ್ಡ್ ಗಂಟೆಗೆ ಇಲ್ಗೇ ಬಾ."

ಹನ್ನೆರಡು ಎಂಬುದನ್ನು ಬೆರಳಲ್ಲಿ ತೋರಿಸಿ, ಟಗರುಗಳ ಹಗ್ಗ ಹಿಡಿದು ಹೊರಟುಹೋದಳು. ಕುರಿ ಸಂತೆಯಲ್ಲಿ ಅವಳನ್ನು ಬಲ್ಲವರು ಬಹಳ. ಜೊತೆಯಲ್ಲಿ ಇವಳಿದ್ದರೆ ಯಾರು ಎಂದು ಕೇಳುತ್ತಿದ್ದರು.

ಮನಮಾಯಾಗೆ ಒಂಟಿಯಾಗಿ ಸಾಮಾನು ಕೊಳ್ಳುವುದು ಹೊಸದಲ್ಲ. ಮಲೇಷ್ಯಾಕ್ಕೆ ಹೋದ ಮೊದಲ ತಿಂಗಳು ಏಜೆಂಟಿನವರು ಸಂಬಳ ಮುರಿದುಕೊಂಡಿದ್ದರು. ಆಗ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಮಿಕ್ಕಿದ ಸೊಪ್ಪು, ನುಚ್ಚಕ್ಕಿ ತರುವುದನ್ನು ಕಲಿತಿದ್ದಳು. ಈಗ ಮತ್ತೆ ಎಲ್ಲ ಮೊದಲಿನಿಂದ. ಇಲ್ಲಿ ಯಾವುದಕ್ಕೆ ಎಷ್ಟು ಕೊಟ್ಟರೆ ಸರಿ, ಎಷ್ಟು ಕೊಟ್ಟರೆ ಮೋಸ ಎಂಬುದೇ ತಿಳಿಯದು. ಪ್ರತಿ ಬೆಲೆಯನ್ನೂ ಮನಸ್ಸಿನಲ್ಲೇ ನೇಪಾಳದ ರೂಪಾಯಿಗೆ ತಿರುಗಿಸಿ, ಅಮ್ಮನ ಊರಿನ ಬೆಲೆಯೊಂದಿಗೆ ಹೋಲಿಸುತ್ತಿದ್ದಳು. ಫ್ಯಾಕ್ಟರಿಯ ತಮಿಳು ಮೇಸ್ತ್ರಿಗಳಿಂದ ಕಲಿತ ಹತ್ತಿಪ್ಪತ್ತು ಮಾತು ಅವಳ ಬಂಡವಾಳ. ಎವ್ವಳವು ಅಂದರೆ ಎಷ್ಟು, ವೇಂಡಾಂ ಅಂದರೆ ಬೇಡ, ಕೊರಚ್ಚಿ ಕುಡು ಅಂದರೆ ಕಡಿಮೆ ಮಾಡಿ ಕೊಡು.

ಹದಿನಾಲ್ಕು ತಿಂಗಳ ಮಗುವನ್ನು ತನ್ನ ಊರಿನ ರೂಢಿಯಂತೆ ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡಿದ್ದಳು. ಎರಡು ಕೈಯೂ ಬಿಡುವಾಗಿರುತ್ತಿತ್ತು. ಪ್ಲಾಸ್ಟಿಕ್ ಬಕೀಟನ್ನು ಬಿಸಿಲಿಗೆ ಎತ್ತಿ ಹಿಡಿದು ಎಲ್ಲಿ ತೆಳುವಾಗಿದೆ ಎಂದು ನೋಡಿದಳು. ಮೂರು ಅಂಗಡಿಯಲ್ಲಿ ಅಲ್ಯುಮಿನಿಯಂ ಪಾತ್ರೆಯ ಬೆಲೆ ಕೇಳಿ ಮೊದಲನೆಯದಕ್ಕೇ ಹಿಂದಿರುಗಿದಳು. ಎರಡು ತಟ್ಟೆ, ಒಂದು ಸೌಟು, ಒಂದು ಚಾಪೆ, ಐದು ಕಿಲೋ ಅಕ್ಕಿ, ಬೇಳೆ, ಉಪ್ಪು, ಎಣ್ಣೆ, ಸೋಪು. ಮಡಕೆ ಮಾರುವ ಮುದುಕಿಯ ಬಳಿ ಮಣ್ಣಿನ ಒಲೆಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ, ಸದ್ದು ಗಟ್ಟಿಯಾಗಿದ್ದುದನ್ನು ಆರಿಸಿಕೊಂಡಳು. ನೂರೆಂಬತ್ತು ಹೇಳಿದ್ದಕ್ಕೆ ನೂರೈವತ್ತು ಕೊಟ್ಟಳು. ಕೊನೆಗೆ ಚೆಲ್ಲಮ್ಮ ಎಂಬ ತರಕಾರಿಯವಳ ಹತ್ತಿರ ಅರ್ಧ ಕಿಲೋ ಟೊಮೇಟೊ ಕೊಂಡಾಗ, ಇವಳು ಕೇಳದೆಯೇ ಚೆಲ್ಲಮ್ಮ ಒಂದು ಹಿಡಿ ಕರಿಬೇವು ಮೇಲೆ ಹಾಕಿದಳು. ಈ ಊರಿಗೆ ಬಂದ ಮೇಲೆ ಮನಮಾಯಾ ಮೊದಲ ಸಲ ನಕ್ಕಳು.

ಆ ಹೊತ್ತಿಗೆ ಮಗು ಅಳತೊಡಗಿತು. ಬಿಸಿಲು ಏರಿತ್ತು, ಅದರ ಬೆನ್ನೆಲ್ಲ ಬೆವರುಸಾಲೆ ಎದ್ದಿತ್ತು. ನೆರಳಿಗೆ ಹೋಗಿ ಹಾಲು ಕೊಡೋಣವೆಂದು ಅವಳು ಸಾಮಾನು ತುಂಬಿದ ಬಕೀಟು ಒಂದು ಕೈಯಲ್ಲಿ, ಒಲೆ ಇನ್ನೊಂದು ಕಡೆಯ ಕಂಕುಳಲ್ಲಿ ಹಿಡಿದು ಬಿರಬಿರನೆ ನಡೆದಳು. ಮಗು ಕಿರುಚುತ್ತಿತ್ತು. ಅವಳು ಇನ್ನೂ ಜೋರಾಗಿ ನಡೆದಳು.

ಈರುಳ್ಳಿ ಮಂಡಿಯ ಪಳನಿಸ್ವಾಮಿ ಅದನ್ನು ನೋಡಿದ. ಅವನಿಗೆ ಇಬ್ಬರು ಸಣ್ಣ ಹೆಣ್ಣುಮಕ್ಕಳು. ಉತ್ತರದ ಕಡೆಯಿಂದ ಬಂದ ಹೆಂಗಸರು ಸಂತೆಗಳಲ್ಲಿ ಮಕ್ಕಳನ್ನು ಕದಿಯುತ್ತಿದ್ದಾರೆ, ಹುಷಾರು ಎಂಬ ವಾಟ್ಸಾಪ್ ಸಂದೇಶ ಆ ಬೆಳಿಗ್ಗೆ ಅವನಿಗೆ ಮೂರು ಕಡೆಯಿಂದ ಬಂದಿತ್ತು. ಬಿಳಿ ಬಣ್ಣದ, ಸಣ್ಣ ಕಣ್ಣಿನ ಹೆಂಗಸು. ಬೆನ್ನ ಮೇಲೆ ಮೂಟೆಯಂತೆ ಕಟ್ಟಿದ ಕಪ್ಪು ಬಣ್ಣದ, ಗುಂಗುರು ಕೂದಲಿನ, ನಮ್ಮ ಕಡೆಯದೇ ಅನ್ನಿಸುವ ಕೂಸು.

"ಏಯ್, ನಿಲ್ಲು." ಅವನು ಎದುರಿಗೆ ಬಂದು ನಿಂತ. "ಯಾರ್ ಪುಳ್ಳ ಇದು?"

"ಎನ್ ಪುಳ್ಳ" ಎಂದಳು ಮನಮಾಯಾ. ನನ್ನ ಮಗು.

ಅವನು ಅವಳ ಮುಖ ನೋಡಿದ, ಮಗುವಿನ ಮುಖ ನೋಡಿದ. "ನಿನ್ ಪುಳ್ಳಯಾ? ಅಪ್ಪ ಎಲ್ಲಿ? ಯಾವ ಊರು?"

ಪ್ರಶ್ನೆಗಳು ತಮಿಳಿನಲ್ಲಿ ಒಂದರ ಮೇಲೊಂದು ಬಿದ್ದವು. ಅವಳಿಗೆ ಅಪ್ಪ ಎಂಬುದೂ ಊರು ಎಂಬುದೂ ತಿಳಿಯಿತು. "ಮಣಿ. ಲಾರಿ. ಬೋರ್" ಎಂದಳು. ಊರಿನ ಹೆಸರು ಹೇಳಲು ಹೋದರೆ ನಾಲಿಗೆ ಹೊರಳಲಿಲ್ಲ. "ಮಾಬಿನಾಟಿ" ಎಂದಳು.

"ಅಂಥ ಊರೇ ಇಲ್ಲ ಈ ಕಡೆ" ಎಂದ ಯಾರೋ ಹಿಂದಿನಿಂದ.

ಜನ ಸೇರುವುದಕ್ಕೆ ಎಷ್ಟು ಹೊತ್ತು? ಹತ್ತು ಜನ ಇಪ್ಪತ್ತಾದರು, ಇಪ್ಪತ್ತು ನಲವತ್ತಾಯಿತು. ಮೊಬೈಲುಗಳು ಮೇಲೆದ್ದವು. ಅವಳ ಹತ್ತಿರ ಇದ್ದದ್ದು ಬಟನ್ ಫೋನು. ಫೋಟೋಗಳೆಲ್ಲ ಗಂಡನ ಫೋನಿನಲ್ಲಿದ್ದವು. ಬಕೀಟು ಕೆಳಗಿಟ್ಟು ಅವನ ನಂಬರು ಒತ್ತಿದಳು. ಪಳನಿಸ್ವಾಮಿ ಫೋನನ್ನು ಕಿತ್ತುಕೊಂಡು ಸ್ಪೀಕರ್ ಹಾಕಿದ. ನೀವು ಕರೆ ಮಾಡಿದವರು ಸಂಪರ್ಕದಲ್ಲಿಲ್ಲ ಎಂದು ಕಂಪನಿಯ ಹೆಣ್ಣಿನ ಧ್ವನಿಯೊಂದು ಹಿಂದಿಯಲ್ಲಿ ಹೇಳಿತು.

"ಇಂದಿ! ಇಂದಿಕಾರಿ!" ಎಂದು ಗುಂಪು ಕೂಗಿತು.

ದಪ್ಪನೆಯ ಹೆಂಗಸೊಬ್ಬಳು ಹಿಂದಿನಿಂದ ಬಂದು ಶಾಲಿನ ಗಂಟು ಬಿಚ್ಚಿದಳು. ಬೆನ್ನು ಹಗುರಾದದ್ದು ತಿಳಿದು ಮನಮಾಯಾ ಚೀರುತ್ತಾ ತಿರುಗಿದಳು. ಒಲೆ ಕೈಜಾರಿ ನೆಲಕ್ಕೆ ಬಿದ್ದು ಮೂರು ಹೋಳಾಯಿತು. ಬಕೀಟು ಉರುಳಿತು. ಅಕ್ಕಿಯ ಚೀಲ ಯಾರದೋ ಕಾಲಿನಡಿ ಸಿಕ್ಕಿ ಒಡೆಯಿತು. ಇಬ್ಬರು ಅವಳ ಎರಡು ರೆಟ್ಟೆ ಹಿಡಿದರು. ಮೂರನೆಯವಳು ಕೂದಲಿಗೆ ಕೈ ಹಾಕಿದಳು.

ಅದೇ ಹೊತ್ತಿಗೆ ಗುಂಡಮ್ಮ ಕುರಿ ಸಂತೆಯಲ್ಲಿ ದಲ್ಲಾಳಿ ಚಿನ್ನಪ್ಪನೊಡನೆ ವ್ಯಾಪಾರದ ಕೊನೆಯಲ್ಲಿದ್ದಳು. ಇಬ್ಬರ ಕೈಯೂ ಅವನ ಟವೆಲಿನ ಕೆಳಗಿತ್ತು; ಅಲ್ಲಿ ಬೆಲೆ ಕುದುರುವುದು ಬೆರಳಲ್ಲೇ. ಅವನು ಅವಳ ಮೂರು ಬೆರಳು ಹಿಡಿದ. ಅವಳು ನಾಲ್ಕನೆಯದನ್ನು ಚಾಚಿದಳು. ಅಷ್ಟರಲ್ಲಿ ಮಕ್ಕಳ ಕಳ್ಳಿ ಸಿಕ್ಕಿಬಿದ್ದಳಂತೆ ಎಂಬ ಕೂಗು ಬಂತು. ಎಲ್ಲರೂ ಓಡಿದರು. ಚಿನ್ನಪ್ಪ ಓಡಿದ. ಟಗರುಗಳನ್ನು ಗೂಟಕ್ಕೆ ಕಟ್ಟಿ ಗುಂಡಮ್ಮನೂ ಹೋದಳು.

ಹುಣಸೆಮರದ ಬುಡದ ದಿಣ್ಣೆಯ ಮೇಲೆ ನಿಂತು ನೋಡಿದಾಗ ಮೊದಲು ಕಂಡದ್ದು ನೆಲದ ಮೇಲಿನ ಶಾಲು. ಆಮೇಲೆ ಸೊಸೆಯ ಮುಖ.

ಅವಳ ಕಾಲು ಮುಂದಕ್ಕೆ ಹೋಗಲಿಲ್ಲ. ಸುತ್ತ ಇದ್ದವರೆಲ್ಲ ಇಪ್ಪತ್ತು ವರ್ಷದಿಂದ ಅವಳ ಕುರಿ ಕೊಂಡವರು, ಅವಳಿಗೆ ಕುರಿ ಮಾರಿದವರು, ಗುಂಡಮ್ಮನ ಮಾತು ಎಂದರೆ ಮಾತು ಎನ್ನುವವರು.

"ಯಾರಮ್ಮ ಅದು? ನಿಮ್ಮೂರ್ ಗಾಡೀಲಿ ಬಂದಂಗಿತ್ತಲ್ಲ?" ಎಂದು ಚಿನ್ನಪ್ಪ ಕೇಳಿದ.

"ಗೊತ್ತಿಲ್ಲ" ಎಂದಳು ಗುಂಡಮ್ಮ.

ಆ ಮಾತು ಬಾಯಿಂದ ಹೊರಬಿದ್ದ ಗಳಿಗೆಯಲ್ಲೇ ಗುಂಪಿನ ತಲೆಗಳ ನಡುವಿನಿಂದ ಮನಮಾಯಾ ಅವಳನ್ನು ಕಂಡಳು. ಕೂಗಲಿಲ್ಲ. ಕೂಗಬೇಕಾದ ಹೆಸರು ಅವಳಿಗೆ ಹೊಳೆಯಲಿಲ್ಲವೋ, ಕೂಗಿ ಪ್ರಯೋಜನವಿಲ್ಲ ಅನ್ನಿಸಿತೋ. ಸುಮ್ಮನೆ ನೋಡಿದಳು. ಕೂದಲು ಹಿಡಿದವಳು ಅವಳ ಕೆನ್ನೆಗೆ ಹೊಡೆದಳು. ಆಗಲೂ ಅವಳ ಕಣ್ಣು ಹುಣಸೆಮರದ ಕಡೆಯೇ ಇತ್ತು.

ಗುಂಡಮ್ಮ ನುಗ್ಗಿದಳು. ಎದುರು ಸಿಕ್ಕವರನ್ನು ಮೊಣಕೈಯಿಂದ ತಳ್ಳಿ ಒಳಗೆ ಬಂದಳು.

"ಬಿಡ್ರಲಾ ಕೈಯ! ನನ್ ಸೊಸೆ ಕಣ್ರಲಾ ಅವ್ಳು! ನನ್ ಮಗನ್ ಎಂಡ್ರು!"

ಗುಂಪು ಒಂದು ಕ್ಷಣ ತಡೆಯಿತು. ಪಳನಿಸ್ವಾಮಿ ಅವಳನ್ನು ಮೇಲೆ ಕೆಳಗೆ ನೋಡಿದ. ಅವನಿಗೆ ಕನ್ನಡ ಬರುತ್ತಿತ್ತು. "ಸೊಸೆಯಾ? ಅಂಗಾರೆ ಕೂಸಿನ್ ಎಸ್ರು ಏಳಮ್ಮ ನೋಡಾನ."

"ತಿಮ್ಮರಾಯ" ಎಂದಳು ಗುಂಡಮ್ಮ ತಡವರಿಸದೆ. ಮೊಮ್ಮಗ ಹುಟ್ಟಿದರೆ ಗಂಡನ ಹೆಸರೇ ಎಂದು ಎಂದೋ ನಿಶ್ಚಯಿಸಿದ್ದಳು. ಮನಸ್ಸಿನೊಳಗೆ ಹಾಗೇ ಕರೆಯುತ್ತಿದ್ದಳು. ಬೇರೆ ಹೆಸರನ್ನು ಮಗ ಎರಡು ಸಲ ಹೇಳಿದ್ದ. ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಅವನು ಮನಮಾಯಾ ಕಡೆ ತಿರುಗಿದ. "ನೀ ಸೊಲ್ಲು. ಪುಳ್ಳ ಪೇರು ಎನ್ನ?"

ಪೇರು ಎಂದರೆ ಹೆಸರು ಎಂದು ಅವಳಿಗೆ ಗೊತ್ತಿತ್ತು. "ಸಗುನ್" ಎಂದಳು. "ಸಗುನ್, ಸಗುನ್."

ಗುಂಪು ಹುಯ್ಯೆಂದಿತು. ಒಂದೇ ಮಗುವಿಗೆ ಇಬ್ಬರ ಬಾಯಲ್ಲಿ ಎರಡು ಹೆಸರು! ಇಬ್ಬರೂ ಒಂದೇ ಗ್ಯಾಂಗು, ಮುದುಕೀನೂ ಹಿಡೀರಿ ಎಂಬ ಮಾತು ಕೇಳಿಬಂತು. ಚಿನ್ನಪ್ಪ ಸುಳ್ಳು ಹೇಳುವವನಲ್ಲ. ಅವನು ಮುಂದೆ ಬಂದು, ನಂಬಲಾರದವನಂತೆ ಕೇಳಿದ.

"ಗುಂಡಮ್ಮ, ಈಗ್ ತಾನೆ ಗೊತ್ತಿಲ್ಲ ಅಂದ್ಯಲ್ಲಮ್ಮ ನೀನು?"

ನಲವತ್ತು ಐವತ್ತು ಜನ ಅವಳ ಉತ್ತರಕ್ಕೆ ಕಾದರು. ಹೌದೆಂದರೂ ಕೆಟ್ಟಿತು, ಇಲ್ಲವೆಂದರೂ ಕೆಟ್ಟಿತು. ಅವಳು ತಿರುಗಿ, ದಪ್ಪನೆಯ ಹೆಂಗಸಿನ ಕೈಯಿಂದ ಮಗುವನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡಳು.

ಮಗು ಮೊದಲಿಗಿಂತ ಜೋರಾಗಿ ಕಿರುಚಿತು. ಅವಳ ಎದೆಯನ್ನು ಎರಡೂ ಕೈಯಿಂದ ತಳ್ಳಿತು, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಹಿಂದಕ್ಕೆ ಬಿದ್ದಿತು. ಈ ಕೈ, ಈ ವಾಸನೆ ಅದಕ್ಕೆ ಗುರುತಿಲ್ಲ. "ಅಳ್ಬ್ಯಾಡ ಮಗ, ಅಳ್ಬ್ಯಾಡ" ಎಂದು ಗುಂಡಮ್ಮ ಹೇಳಿದಷ್ಟೂ ಕೊಸರಾಡಿತು. ಎಲ್ಲರೂ ನೋಡುತ್ತಿದ್ದರು. ಸ್ವಂತ ಮೊಮ್ಮಗನನ್ನು ಅವಳು ಎತ್ತಿಕೊಂಡದ್ದು ಅದೇ ಮೊದಲು. ಅದು ಎಲ್ಲರಿಗೂ ಕಾಣುವಂತಿತ್ತು.

"ಪೊಲೀಸ್ ಕರೀರಿ" ಎಂದರು ಕೆಲವರು. "ಪೊಲೀಸ್ ಬರೋವರ್ಗೂ ಯಾಕೆ?" ಎಂದ ಇನ್ನೊಬ್ಬ, ತೋಳು ಮಡಿಸುತ್ತಾ.

ಆಗ ತರಕಾರಿಯ ಚೆಲ್ಲಮ್ಮ ತಕ್ಕಡಿ ಕೆಳಗಿಟ್ಟು ಎದ್ದು ಬಂದಳು. ಅರವತ್ತು ದಾಟಿದವಳು, ಧ್ವನಿ ಮಾತ್ರ ಸಂತೆಯ ಈ ತುದಿಯಿಂದ ಆ ತುದಿಗೆ ಕೇಳುವಂಥದು.

"ಲೇ ಪಳನಿಸ್ವಾಮಿ, ನಿಂಗ್ ಎಷ್ಟ್ ಮಕ್ಳಲಾ?"

"ಎರ್ಡು" ಎಂದ ಅವನು.

"ಒಂದಿನಾನಾರ ಎತ್ಕೊಂಡಿದ್ಯಾ? ಕಣ್ಣಿಲ್ವಾ ನಿಂಗೆ? ಆ ಕೂಸು ಯಾರ್ ಕಡೀಕೆ ಕೈ ಚಾಚ್ತೈತೆ ಅಂತ ನೋಡಲಾ."

ಮಗು ಗುಂಡಮ್ಮನ ತೋಳಿನಿಂದ ಅರ್ಧ ಹೊರಬಿದ್ದು, ಎರಡೂ ಕೈ ಮನಮಾಯಾ ಕಡೆಗೆ ಚಾಚಿತ್ತು. ಚೆಲ್ಲಮ್ಮ ಮಗುವನ್ನು ತೆಗೆದುಕೊಂಡು ಸೀದಾ ಅವಳ ಹತ್ತಿರ ನಡೆದಳು. ರೆಟ್ಟೆ ಹಿಡಿದಿದ್ದ ಹೆಂಗಸರಿಗೆ, "ಬಿಡ್ರೇ" ಎಂದಳು. ಅವರು ಬಿಟ್ಟರು.

ಮಗು ತಾಯಿಯ ಕೊರಳಿಗೆ ಬಿದ್ದು ಮುಖ ಹುದುಗಿಸಿತು. ಬಿಕ್ಕುತ್ತಲೇ ಅವಳ ರವಿಕೆಯ ಅಂಚು ಹುಡುಕಿತು. ಮನಮಾಯಾ ನಿಂತಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು, ಹರಡಿದ ಅಕ್ಕಿಯ ಮೇಲೆ. ಶಾಲನ್ನು ಎಳೆದುಕೊಂಡು ಮರೆ ಮಾಡಿ ಮಗುವಿಗೆ ಹಾಲು ಕೊಟ್ಟಳು. ಅಳು ನಿಂತಿತು. ಗಂಡಸರು ಮುಖ ತಿರುಗಿಸಿದರು. ಮೇಲೆದ್ದಿದ್ದ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

ಅಷ್ಟು ಹೊತ್ತಿಗೆ ಸಂತೆಯ ಪಹರೆಯ ಪೊಲೀಸ್ ಪೇದೆ ಬಂದ. ಎಲ್ಲರನ್ನೂ ಚದುರಿಸಿ, ಅತ್ತೆ ಸೊಸೆಯನ್ನು ನೆರಳಿನಲ್ಲಿ ಕೂರಿಸಿ, ಮಾವಿನಹಟ್ಟಿಯ ಪಂಚಾಯ್ತಿ ಅಧ್ಯಕ್ಷರಿಗೆ ಫೋನ್ ಮಾಡಿದ. ಹೌದು, ನಮ್ಮೂರ ಮಣಿಕಂಠನ ಹೆಂಡತಿಯೇ, ನೇಪಾಳದವಳು ಎಂದು ಅಧ್ಯಕ್ಷರು ಹೇಳಿದರು. ಪೇದೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಮಗುವಿನ ಹೆಸರು ಕೇಳಿದಾಗ ಗುಂಡಮ್ಮ ಸೊಸೆಯ ಕಡೆ ನೋಡಿದಳು. ಮನಮಾಯಾ ಹೇಳಿದಳು. ಪೇದೆಗೆ ಸರಿಯಾಗಿ ಕೇಳಿಸಲಿಲ್ಲ.

"ಸಗುನ್" ಎಂದು ಗುಂಡಮ್ಮ ಬಿಡಿಸಿ ಹೇಳಿದಳು.

ಪಳನಿಸ್ವಾಮಿ ಬಕೀಟಿನಲ್ಲಿ ಸಾಮಾನನ್ನೆಲ್ಲ ಆಯ್ದು ತುಂಬಿಕೊಂಡು ಬಂದ. ಅಕ್ಕಿಯಲ್ಲಿ ಅರ್ಧ ಮಣ್ಣಿತ್ತು. "ತಪ್ಪು ತಿಳ್ಕೋಬ್ಯಾಡಮ್ಮ. ನಂಗೂ ಎಣ್ಮಕ್ಳು ಅವ್ರೆ" ಎಂದು ಮತ್ತೆ ಮತ್ತೆ ಹೇಳಿದ. ಮನಮಾಯಾ ಅವನ ಮುಖ ನೋಡದೆ ಸಾಮಾನನ್ನು ಒಂದೊಂದಾಗಿ ಹೊರಗೆ ತೆಗೆದು ನೋಡಿದಳು. ತಟ್ಟೆ, ಸೌಟು, ಉಪ್ಪು, ಬೇಳೆ. ಆಮೇಲೆ ತಲೆಯೆತ್ತಿ, "ಸೋಪು ಇಲ್ಲೆ. ಎಣ್ಣೆ ಇಲ್ಲೆ" ಎಂದಳು. ಅವನು ಓಡಿಹೋಗಿ ಎರಡನ್ನೂ, ಜೊತೆಗೆ ಐದು ಕಿಲೋ ಅಕ್ಕಿಯನ್ನೂ ತಂದ. ಅವಳು ಸೋಪು, ಎಣ್ಣೆ ತೆಗೆದುಕೊಂಡಳು. ಅಕ್ಕಿಯ ಚೀಲವನ್ನು ಮುಟ್ಟಲಿಲ್ಲ. ಅವನು ಅದನ್ನು ಮತ್ತೆ ಎತ್ತಿಕೊಂಡು ಹೊರಟುಹೋದ.

ಇಬ್ಬರೇ ಉಳಿದರು. ಗುಂಡಮ್ಮ ಒಡೆದ ಒಲೆಯ ಹೋಳುಗಳ ಕಡೆ ಕೈ ತೋರಿಸಿದಳು.

"ಓಗ್ಲಿ ಬಿಡು. ಬ್ಯಾರೆ ಒಲೆ ಯಾಕೆ ಈಗ? ನಮ್ಮನೆ ಒಲೇಲೇ ಬೇಯ್ಸ್ಕಂಡ್ರಾಯ್ತು." ಮಾತು ತಿಳಿಯಲೆಂದು ತನ್ನ ಎದೆ ಮುಟ್ಟಿಕೊಂಡು, ಬೇಯಿಸುವಂತೆ ಕೈಯಾಡಿಸಿ ತೋರಿಸಿದಳು. ಮನಮಾಯಾಗೆ ತಿಳಿಯಿತು. ಅವಳು ತನ್ನ ಎರಡು ಬೆರಳನ್ನು ಕಣ್ಣಿಗೆ ಮುಟ್ಟಿಸಿ, ಆಮೇಲೆ ಹುಣಸೆಮರದ ಬುಡದ ಕಡೆ ತೋರಿಸಿದಳು.

"ಅಮ್ಮಾ ಅಂಗೆ" ಎಂದಳು. "ಅಮ್ಮಾ ಪಾತ್ತೆ."

ನೀನು ಅಲ್ಲಿದ್ದೆ. ನೋಡಿದೆ.

ಗುಂಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೇಕಾದರೆ ಈಗ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಭಾಷೆಯೇ ಬಾರದವಳಿಗೆ ಏನು ಹೇಳಿದರೂ ನಡೆಯುತ್ತಿತ್ತು. "ಊಂ. ನಿಂತಿದ್ದೆ" ಎಂದಳು. "ಯಾರು ಅಂತ ಕೇಳುದ್ರು. ಗೊತ್ತಿಲ್ಲ ಅಂದೆ."

ಗೊತ್ತಿಲ್ಲ ಎಂಬ ಆ ಒಂದು ಪದ ಮನಮಾಯಾಗೆ ಚೆನ್ನಾಗಿ ತಿಳಿಯುತ್ತಿತ್ತು. ಮಾವಿನಹಟ್ಟಿಯಲ್ಲಿ ಅವಳು ಏನು ಕೇಳಿದರೂ ಎಲ್ಲರೂ ಹೇಳುತ್ತಿದ್ದುದು ಅದನ್ನೇ; ಅವಳು ಕಲಿತ ಮೊದಲ ಕನ್ನಡದ ಮಾತು ಅದು. ಅವಳ ಮುಖ ಬಿಗಿಯಿತು. ಎದ್ದು, ಮಗುವನ್ನು ಮತ್ತೆ ಬೆನ್ನಿಗೆ ಕಟ್ಟಿಕೊಂಡು, ಮಡಕೆಯ ಮುದುಕಿಯ ಕಡೆ ನಡೆದಳು.

ಗುಂಡಮ್ಮ ಬಕೀಟು ಎತ್ತಿಕೊಂಡು ಹಿಂದೆ ಹೋದಳು. ಮನಮಾಯಾ ಮತ್ತೆ ಒಲೆಗಳನ್ನು ಒಂದೊಂದಾಗಿ ತಟ್ಟಿ ನೋಡಿದಳು. ಗುಂಡಮ್ಮ ಚೌಕಾಸಿಗೆ ಬಾಯಿ ಹಾಕಲು ಹೋದಾಗ ಕೈ ಅಡ್ಡ ಹಿಡಿದು ತಡೆದಳು. ಬೆಳಗಿನಷ್ಟೇ ನೂರೈವತ್ತು ಕೊಟ್ಟಳು. ಒಲೆಯನ್ನು ಗುಂಡಮ್ಮ ತಲೆಯ ಮೇಲಿಟ್ಟುಕೊಂಡಳು. ಅದನ್ನು ಮನಮಾಯಾ ತಡೆಯಲಿಲ್ಲ.

ಟಗರುಗಳು ಮಾರಾಟವಾಗಲಿಲ್ಲ. ಚಿನ್ನಪ್ಪ ಮತ್ತೆ ಟವೆಲು ಹಾಸಿದರೂ ಗುಂಡಮ್ಮ ಕೈ ಕೊಡಲಿಲ್ಲ. ಬಂದ ಗಾಡಿಯಲ್ಲೇ ಟಗರು, ಬಕೀಟು, ಚಾಪೆ, ಒಲೆ ಎಲ್ಲ ತುಂಬಿಕೊಂಡು ಹಿಂದಿರುಗಿದರು. ದಾರಿಯುದ್ದಕ್ಕೂ ಒಲೆ ಕುಲುಕದಂತೆ ಗುಂಡಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೆನ್ನೆ ಊದಿದ್ದ ಸೊಸೆ ಹೊರಗೆ ನೋಡುತ್ತಿದ್ದಳು.

ಸಂಜೆ ಮೇವಿನ ಕೋಣೆಯ ಮುಂದೆ ಮನಮಾಯಾ ಅಕ್ಕಿಯನ್ನು ಐದು ಸಲ ತೊಳೆದಳು. ಆದರೂ ನೀರು ಕೆಂಪಗೇ ಬಂತು. ಒಲೆ ಹೂಡಿ ಬೆಂಕಿ ಹಚ್ಚಿದರೆ ಹೊಗೆಯಷ್ಟೇ ಎದ್ದಿತು. ಊದಿ ಊದಿ ಕಣ್ಣು ಕೆಂಪಾಯಿತು. ಗುಂಡಮ್ಮ ತನ್ನ ಮನೆಯಿಂದ ಒಣ ಸೌದೆಯ ಒಂದು ಹೊರೆ ತಂದು ಇಳಿಸಿದಳು.

"ಅಸಿ ಸೌದೆ ಆಕಬ್ಯಾಡ. ಒಸಾ ಒಲೆ ಬಿರೀತೈತೆ. ಮೊದ್ಲು ಸಣ್ಣುರಿ ಮಾಡ್ಬೇಕು."

ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಹಸಿ ಕಡ್ಡಿಗಳನ್ನು ಎಳೆದು ಹಾಕಿ, ಒಣಗಿದ ಎರಡು ತುಂಡು ಒಳಗೆ ತಳ್ಳಿದಳು. ಬೆಂಕಿ ಮೆಲ್ಲಗೆ ಹತ್ತಿತು. ಮನಮಾಯಾ ಅಕ್ಕಿಯ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಅತ್ತೆಗೆ ಹೊಗೆ ಬಡಿಯುತ್ತಿದ್ದುದನ್ನು ಕಂಡು, ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.